ಅಲ್ಪಶಕ್ತಿಯ ವಾಲ್ವ್ ಆಂಪ್ಲಿಫೈಯರೂ ಸ್ಪೀಕರಿನ ಪೆಟ್ಟಿಗೆಯೂ

ಇತಿಹಾಸ ವಿಭಾಗದ ಸಂಶೋಧನ ಸಂಚಿಕೆಯಲ್ಲಿ ಮರದ ಪೆಟ್ಟಿಗೆಯೊಂದರ ಅಳತೆಗಳನ್ನು ಚರ್ಚಿಸುವುದು ಉಚಿತವೇ ಎಂದು ವಾಚಕರು ಕೇಳಬಹುದು. ದೇವಾಲಯದ ಅಧಿಷ್ಠಾನವನ್ನೂ ಕೋಟೆಯ ಗೋಡೆಯ ದಪ್ಪವನ್ನೂ ಅಳೆದು, ಕಟ್ಟಿಸಿದವರ ಬಲಾಬಲಗಳನ್ನು ಊಹಿಸುವ ನಾವು, ಕಳೆದ ನೂರು ವರ್ಷಗಳ ಯಂತ್ರೋಪಕರಣಗಳ ವಿಷಯ ಬಂದಾಗ ಮಾತ್ರ ಅಳತೆಗೋಲನ್ನು ಕೆಳಗಿಟ್ಟುಬಿಡುತ್ತೇವೆ. ಸ್ಪೀಕರಿನ ಪೆಟ್ಟಿಗೆಯೂ ಒಂದು ಕಟ್ಟಡವೇ. ಅದರ ಗಾತ್ರ, ಅದರ ಬಾಯಿ, ಅದರ ಹಿಂಬದಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು, ಇವೆಲ್ಲವೂ ಅದನ್ನು ಕಟ್ಟಿದವನ ಬಳಿ ಎಷ್ಟು ವಿದ್ಯುಚ್ಛಕ್ತಿ ಇದ್ದಿತೆಂಬುದಕ್ಕೆ ಸಾಕ್ಷ್ಯಗಳು.

ಈ ಸಾಕ್ಷ್ಯವನ್ನು ಸಾಮಾನ್ಯವಾಗಿ ತಪ್ಪಾಗಿ ಓದಲಾಗುತ್ತಿದೆ. ಧ್ವನಿತಂತ್ರದ ಚರಿತ್ರೆಯನ್ನು ಹೇಳುವವರು ಮೊದಲು ಆಳೆತ್ತರದ ಒರಟು ಕಹಳೆಗಳಿದ್ದುವು, ಬಳಿಕ ಬೀರುವಿನಷ್ಟು ದೊಡ್ಡ ಪೆಟ್ಟಿಗೆಗಳು ಬಂದುವು, ಕಡೆಗೆ ಪುಸ್ತಕದ ಕಪಾಟಿನಲ್ಲಿ ಹಿಡಿಯುವ ಚೊಕ್ಕ ಪೆಟ್ಟಿಗೆಗಳಾದುವು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದ ಪ್ರಗತಿಯಂತೆ ಅದನ್ನು ನಿರೂಪಿಸುತ್ತಾರೆ. ನಡೆದದ್ದು ಪ್ರಗತಿಯಲ್ಲವೆಂದು ನನ್ನ ವಾದವಲ್ಲ. ಆದರೆ ಅದು ಮುಖ್ಯವಾಗಿ ಒಂದು ವಿನಿಮಯ. ಶಕ್ತಿ ದುರ್ಲಭವಾಗಿದ್ದಾಗ ಮರವನ್ನೂ ಜಾಗವನ್ನೂ ಧಾರಾಳವಾಗಿ ವೆಚ್ಚ ಮಾಡಿದರು, ಶಕ್ತಿ ಅಗ್ಗವಾದಾಗ ಅದನ್ನು ಸುರಿದು ಜಾಗವನ್ನು ಉಳಿಸಿಕೊಂಡರು. ಇಂದು ಎರಡು ಮೂರು ವಾಟ್‌ಗಳ ವಾಲ್ವ್ ಆಂಪ್ಲಿಫೈಯರಿಗೆ ಪೆಟ್ಟಿಗೆಯನ್ನು ರಚಿಸಹೊರಟವನು ಈ ವಿನಿಮಯದ ಹಳೆಯ ದರಕ್ಕೆ ಮರಳಿ ಹೋಗಬೇಕಾಗುತ್ತದೆ.

ಮೊದಲು, ಪೆಟ್ಟಿಗೆಯಾದರೂ ಏಕೆ ಬೇಕೆಂಬುದನ್ನು ನೋಡೋಣ. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ, ಅದೇ ಕ್ಷಣದಲ್ಲಿ ಹಿಂದಿನ ಗಾಳಿ ತೆಳುವಾಗುತ್ತದೆ. ಈ ಎರಡೂ ಅಂಚನ್ನು ಬಳಸಿಕೊಂಡು ಬಂದು ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಎತ್ತರದ ಸ್ವರಗಳ ಅಲೆ ಚಿಕ್ಕದಾದ್ದರಿಂದ ಅವುಗಳಿಗೆ ಈ ತೊಂದರೆಯಿಲ್ಲ. 10,000 ಹರ್ಟ್ಸ್ ಆವೃತ್ತಿಯ ಅಲೆಯ ಉದ್ದ ಮೂರೂವರೆ ಸೆಂಟಿಮೀಟರಿಗಿಂತ ಕಡಮೆ. 50 ಹರ್ಟ್ಸ್‌ನ ಮಂದ್ರಸ್ವರದ ಅಲೆಯಾದರೋ ಸುಮಾರು 6.9 ಮೀಟರ್. ಸ್ಪೀಕರನ್ನು ಒಂದು ಮೀಟರ್ ಚದರದ ಹಲಗೆಯ ನಡುವೆ ಕೂರಿಸಿದರೂ ಸುಮಾರು 170 ಹರ್ಟ್ಸ್‌ಗಿಂತ ಕೆಳಗೆ ನಾದವು ಕ್ರಮೇಣ ಸೊರಗತೊಡಗುತ್ತದೆ. ಹಿಂಬದಿಯ ಅಲೆಯನ್ನು ಏನು ಮಾಡಬೇಕು, ಕೂಡಿಹಾಕಬೇಕೇ, ಸುತ್ತಿಸಿ ಹೊರಗೆ ಬಿಡಬೇಕೇ, ಇಲ್ಲವೆ ಅದರಿಂದ ಕೆಲಸ ಮಾಡಿಸಿಕೊಳ್ಳಬೇಕೇ ಎಂಬ ಪ್ರಶ್ನೆಗೆ ಕೊಟ್ಟ ಉತ್ತರಗಳೇ ಪೆಟ್ಟಿಗೆಗಳ ವಿವಿಧ ಜಾತಿಗಳು.

ಎರಡನೆಯ ತೊಡಕು ಇದಕ್ಕಿಂತ ಆಳವಾದುದು. ಶಂಕುವಿಗೂ ಗಾಳಿಗೂ ತೂಕದಲ್ಲಿ ಹೊಂದಿಕೆಯಿಲ್ಲ. ಗಾಳಿಯಲ್ಲಿ ಬರಿಗೈ ಬೀಸಿದರೆ ಗಾಳಿ ಬದಿಗೆ ಸರಿದುಹೋಗುತ್ತದೆಯೇ ಹೊರತು ನಮ್ಮ ಶ್ರಮವನ್ನು ಹೆಚ್ಚಾಗಿ ಒಯ್ಯುವುದಿಲ್ಲ. ಶಂಕುವಿನ ಪಾಡೂ ಹಾಗೆಯೇ. ಆಂಪ್ಲಿಫೈಯರ್ ಕೊಟ್ಟ ಶಕ್ತಿಯಲ್ಲಿ ನಾದವಾಗಿ ಹೊರಬರುವುದು ಶೇಕಡ ಒಂದರ ಆಸುಪಾಸು ಮಾತ್ರ, ಉಳಿದದ್ದು ಸುರುಳಿಯ ಬಿಸಿಯಾಗಿ ಹೋಗುತ್ತದೆ. ಒಂದು ವಾಟ್ ಶಕ್ತಿಯನ್ನು ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದಾಗ 87 ಡೆಸಿಬೆಲ್ ನೀಡುವ ಸ್ಪೀಕರನ್ನು ಅಂಗಡಿಯವರು ಒಳ್ಳೆಯದೆಂದೇ ಮಾರುತ್ತಾರೆ. ಅದರ ದಕ್ಷತೆ ಶೇಕಡ ಮೂರನೆಯ ಒಂದು ಭಾಗದಷ್ಟು. 93 ಡೆಸಿಬೆಲ್‌ನದಾದರೆ ಶೇಕಡ ಒಂದೂಕಾಲು.

ಈ ನಷ್ಟವನ್ನು ತಡೆಯುವ ಅತ್ಯಂತ ಹಳೆಯ ಉಪಾಯವೇ ಕಹಳೆ. ಅದರ ಕಿರಿದಾದ ಕಂಠದಲ್ಲಿ ಗಾಳಿಗೆ ಬದಿಗೆ ಸರಿಯಲು ಎಡೆಯಿಲ್ಲ. ಆದುದರಿಂದ ಅದು ಶಂಕುವಿನ ಒತ್ತನ್ನು ಪೂರ್ತಿಯಾಗಿ ಹೊತ್ತು ಕ್ರಮವಾಗಿ ಹಿಗ್ಗುವ ಬಾಯಿಯವರೆಗೆ ಒಯ್ಯುತ್ತದೆ. 1906ರಲ್ಲಿ ಲೀ ಡಿ ಫಾರೆಸ್ಟ್ ಮೂರು ವಿದ್ಯುದಗ್ರಗಳ ವಾಲ್ವನ್ನು ರೂಪಿಸಿದ ಮೇಲೆ ವಿದ್ಯುತ್ತಿನಿಂದ ಧ್ವನಿಯನ್ನು ಹಿಗ್ಗಿಸುವ ದಾರಿ ತೆರೆಯಿತಾದರೂ ಆಗಿನ ವಾಲ್ವುಗಳಿಂದ ದೊರೆಯುತ್ತಿದ್ದ ಶಕ್ತಿ ತೀರ ಸ್ವಲ್ಪ. 1915ರ ಡಿಸೆಂಬರ್ 24ರಂದು ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್‌ಹ್ಯಾಮ್ ಇವರು ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ ತಮ್ಮ ಮ್ಯಾಗ್ನವಾಕ್ಸ್ ಯಂತ್ರದಿಂದ ನೆರೆದ ಜನಸಂದಣಿಗೆ ಧ್ವನಿಯನ್ನು ಕೇಳಿಸಿದ್ದು ಕಹಳೆಯ ಬಲದಿಂದಲೇ. ಕಹಳೆಯ ಗಣಿತವನ್ನು ವೆಬ್‌ಸ್ಟರ್ 1919ರಲ್ಲಿಯೂ, ಹ್ಯಾನಾ ಮತ್ತು ಸ್ಲೆಪಿಯನ್ 1924ರಲ್ಲಿಯೂ ಪ್ರಕಟಿಸಿದರು. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಗಾಗಿ ವೆಂಟೆ ಮತ್ತು ಥುರಾಸ್ ರಚಿಸಿದ 555 ಎಂಬ ಧ್ವನಿಘಟಕವು ಕಹಳೆಯೊಡನೆ ಸೇರಿ ತನಗೆ ದೊರೆತ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಮಿಗಿಲಾದುದನ್ನು ನಾದವನ್ನಾಗಿ ಮಾಡುತ್ತಿತ್ತು. 1930ರ ದಶಕದ ನಡುವೆ ಅದೇ ಕಂಪೆನಿಯ 91 ಶ್ರೇಣಿಯ ಆಂಪ್ಲಿಫೈಯರ್ ಒಂದೇ ಒಂದು 300ಎ ವಾಲ್ವಿನ ಸುಮಾರು 8 ವಾಟ್‌ಗಳಿಂದ ಚಿಕ್ಕ ಚಿತ್ರಮಂದಿರವನ್ನು ತುಂಬುತ್ತಿತ್ತು. ಇಂದು ಮೇಜಿನ ಮೇಲೆ ಇಡುವ ಆಟಿಕೆಯಂಥ ಸ್ಪೀಕರಿಗೂ 8 ವಾಟ್ ಸಾಲದೆಂದು ಹೇಳುವವರು ಈ ಸಂಗತಿಯನ್ನು ನೆನೆಯಬೇಕು.

ಕಹಳೆಗೆ ತೆರಬೇಕಾದ ಬೆಲೆ ಜಾಗ. ಕೆಳಗಿನ ಎಲ್ಲೆಯ ಸ್ವರದ ಅಲೆಯುದ್ದದಷ್ಟು ಅದರ ಬಾಯಿಯ ಸುತ್ತಳತೆ ಇರಬೇಕೆಂಬುದು ನಿಯಮ. 50 ಹರ್ಟ್ಸ್‌ಗೆ ಇಳಿಯಬೇಕಾದರೆ ಬಾಯಿಯ ವ್ಯಾಸ 2.2 ಮೀಟರ್! ಪಾಲ್ ಕ್ಲಿಪ್ಶ್ 1940ರ ದಶಕದ ಆದಿಯಲ್ಲಿ ಇದಕ್ಕೊಂದು ಜಾಣ ಪರಿಹಾರವನ್ನು ಕಂಡನು. ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಲ್ಲಿ ನಾದವು ಹರಡಬೇಕಾದ ಅವಕಾಶ ಎಂಟನೆಯ ಒಂದು ಭಾಗವಾಗುವುದರಿಂದ ಬಾಯಿಯ ವಿಸ್ತಾರವನ್ನೂ ಅಷ್ಟಕ್ಕೆ ಇಳಿಸಬಹುದು. ಗೋಡೆಗಳೇ ಕಹಳೆಯ ಮುಂದುವರಿಕೆಯಾಗುತ್ತವೆ. ಇಂಗ್ಲೆಂಡಿನಲ್ಲಿ ಪಾಲ್ ವಾಯ್ಟ್ ಇದಕ್ಕೂ ಮುಂಚೆಯೇ, 1930ರ ದಶಕದಲ್ಲಿ, ಮನೆಯ ಮೂಲೆಗೆ ಹೊಂದುವ ಕಹಳೆಯನ್ನು ಮಾಡಿದ್ದನು. ಒಂದೇ ಸುರುಳಿಗೆ ದೊಡ್ಡ ಶಂಕುವನ್ನೂ ಅದರೊಳಗೆ ಚಿಕ್ಕ ಶಂಕುವನ್ನೂ ಕೂಡಿಸಿ ಒಂದೇ ಘಟಕದಿಂದ ಮಂದ್ರ ತಾರ ಎರಡನ್ನೂ ಹೊರಡಿಸುವ ಕ್ರಮವೂ ಅವನ ಪರಂಪರೆಯದೇ. ಅದನ್ನು ಲೌಥರ್ ಹೆಸರಿನ ಘಟಕಗಳು ಮುಂದುವರಿಸಿದುವು. ಪೂರ್ಣವ್ಯಾಪ್ತಿಯ ಸ್ಪೀಕರ್ ಎಂದು ಈಗ ನಾವು ಕರೆಯುವುದು ಇದನ್ನೇ. ಸ್ವರಗಳನ್ನು ಎರಡು ಮೂರು ಘಟಕಗಳಿಗೆ ಹಂಚುವ ವಿದ್ಯುಜ್ಜಾಲದ ಅವಶ್ಯಕತೆ ಇಲ್ಲಿ ಇಲ್ಲವಾದ್ದರಿಂದ, ಅದರಲ್ಲಿ ಪೋಲಾಗುವ ಶಕ್ತಿಯೂ ಉಳಿಯುತ್ತದೆ. ಬಡ ಆಂಪ್ಲಿಫೈಯರಿಗೆ ಇದು ಸಣ್ಣ ಉಳಿತಾಯವಲ್ಲ.

ಕಹಳೆಯನ್ನು ಬಿಟ್ಟ ದಾರಿಯನ್ನು ತೋರಿದವರು ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲಾಗ್. 1925ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶಂಕುವೇ ಇಂದಿನ ಬಹುತೇಕ ಎಲ್ಲ ಸ್ಪೀಕರುಗಳ ಮೂಲಪುರುಷ. ದಕ್ಷತೆಯನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಎಲ್ಲ ಸ್ವರಗಳಿಗೂ ಸಮನಾದ ನಾದವನ್ನು ಅವರು ಪಡೆದರು. ಆದರೆ ಅವರು ಸ್ಪೀಕರನ್ನು ಮಾತ್ರ ರಚಿಸಿ ಸುಮ್ಮನಾಗಲಿಲ್ಲ, ಅದಕ್ಕೆ ತಕ್ಕ ಆಂಪ್ಲಿಫೈಯರನ್ನೂ ರಚಿಸಿದರೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. 1926ರ ಸುಮಾರಿಗೆ ಮಾರಾಟಕ್ಕೆ ಬಂದ ರೇಡಿಯೋಲಾ 104 ಎಂಬ ಸ್ಪೀಕರಿನ ಪೆಟ್ಟಿಗೆಯೊಳಗೇ ಒಂದು ವಾಟ್‌ನಷ್ಟರ ಆಂಪ್ಲಿಫೈಯರ್ ಅಡಕವಾಗಿತ್ತು. ಘಟಕ, ಆಂಪ್ಲಿಫೈಯರ್, ಪೆಟ್ಟಿಗೆ ಈ ಮೂರೂ ಒಂದೇ ಉಪಕರಣವೆಂಬ ಅರಿವು ಆರಂಭದಲ್ಲಿಯೇ ಇದ್ದು, ಅಂಗಡಿಗಳಲ್ಲಿ ಅವು ಬೇರೆ ಬೇರೆಯಾಗಿ ಮಾರಲ್ಪಡತೊಡಗಿದ ಮೇಲೆ ಮಾಸಿಹೋಯಿತು.

ಶಂಕುವಿನ ದೌರ್ಬಲ್ಯವನ್ನು ಪೆಟ್ಟಿಗೆಯಿಂದ ತುಂಬಿಕೊಳ್ಳುವ ಪ್ರಯತ್ನಗಳು ಕೂಡಲೇ ಆರಂಭವಾದುವು. ಬೆಲ್ ಪ್ರಯೋಗಶಾಲೆಯ ಥುರಾಸ್ 1930ರಲ್ಲಿ ಅರ್ಜಿ ಸಲ್ಲಿಸಿ 1932ರಲ್ಲಿ ಪಡೆದ ಪೇಟೆಂಟು ಇವುಗಳಲ್ಲಿ ಮುಖ್ಯವಾದುದು. ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿದಾಗ ಅದು ಒಂದೇ ಸ್ವರದಲ್ಲಿ ಮೊಳಗುತ್ತದಷ್ಟೆ. ಪೆಟ್ಟಿಗೆಗೆ ಒಂದು ನಳಿಗೆಯನ್ನು ಇಟ್ಟರೆ ಅದೂ ಹಾಗೆಯೇ ಮೊಳಗುತ್ತದೆ, ಆ ಸ್ವರವನ್ನು ಶಂಕು ಸೊರಗುವಲ್ಲಿಗೆ ಹೊಂದಿಸಿದರೆ ಹಿಂಬದಿಯ ಅಲೆ ಶತ್ರುವಾಗುವುದರ ಬದಲು ಸಹಾಯಕನಾಗುತ್ತದೆ. 1936ರಲ್ಲಿ ಸ್ಟ್ರಾಂಬರ್ಗ್ ಕಾರ್ಲ್‌ಸನ್ ಕಂಪೆನಿಯ ಆಲ್ನಿ ಹಿಂಬದಿಯ ಅಲೆಯನ್ನು ಉದ್ದವಾದ ಮಡಿಸಿದ ಸುರಂಗದಲ್ಲಿ ನಡೆಸಿದನು. ಸುರಂಗದ ಉದ್ದದ ನಾಲ್ಕರಷ್ಟು ಅಲೆಯುದ್ದವುಳ್ಳ ಸ್ವರಕ್ಕೆ ಅದು ಒತ್ತಾಸೆಯಾಗುತ್ತದೆ. ಎರಡು ಮೀಟರಿನ ಕೊಳವೆ 43 ಹರ್ಟ್ಸ್‌ಗೆ.

ಕಾಲ ಬದಲಾದದ್ದು ಎರಡನೆಯ ಮಹಾಯುದ್ಧದ ತರುವಾಯ. 1947ರಲ್ಲಿ ಪ್ರಕಟವಾದ ವಿಲಿಯಂಸನ್‌ನ ಆಂಪ್ಲಿಫೈಯರ್ 15 ವಾಟ್‌ಗಳನ್ನು ನಿರ್ಮಲವಾಗಿ ನೀಡಿತು. ಅದೇ ವರ್ಷದ ಕೊನೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಎಡ್ಗರ್ ವಿಲ್ಚರ್ ಪೆಟ್ಟಿಗೆಯನ್ನು ಪೂರ್ತಿಯಾಗಿ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಶಂಕುವಿಗೆ ಸ್ಪ್ರಿಂಗಾಗಿ ಮಾಡಿ, ಹಿಂದೆ ಬೀರುವಿನಷ್ಟು ಪೆಟ್ಟಿಗೆ ಬೇಕಾಗಿದ್ದ ಮಂದ್ರವನ್ನು ಕಪಾಟಿನಲ್ಲಿಡುವ ಪೆಟ್ಟಿಗೆಯಿಂದ ಹೊರಡಿಸಿದನು. ಇದು ನಿಜವಾದ ಸಾಧನೆ. ಅದಕ್ಕೆ ಸಂದ ಬೆಲೆಯನ್ನು 1960ರ ದಶಕದ ಆದಿಯಲ್ಲಿ ಆಂಟನ್ ಹಾಫ್‌ಮನ್ ಎಂಬಾತ ಸ್ಪಷ್ಟಪಡಿಸಿದನು. ಅದಕ್ಕೆ ಕಬ್ಬಿಣದ ನಿಯಮವೆಂಬ ಹೆಸರೇ ಬಿದ್ದಿದೆ. ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ದಕ್ಷತೆ, ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಡಲೇಬೇಕು. ದಕ್ಷತೆಯನ್ನು ಹಾಗೆಯೇ ಇಟ್ಟುಕೊಂಡು ಮಂದ್ರದ ಎಲ್ಲೆಯನ್ನು ಅರ್ಧಕ್ಕೆ ಇಳಿಸಬೇಕಾದರೆ ಪೆಟ್ಟಿಗೆ ಎಂಟರಷ್ಟಾಗಬೇಕು. ಪೆಟ್ಟಿಗೆಯನ್ನು ಹಿಗ್ಗಿಸದೆ ಅದೇ ಎಲ್ಲೆಯನ್ನು ಪಡೆಯಬೇಕಾದರೆ ಶಕ್ತಿ ಎಂಟರಷ್ಟಾಗಬೇಕು. ಮೂರು ವಾಟ್‌ಗಳಿಂದ 93 ಡೆಸಿಬೆಲ್‌ನ ಸ್ಪೀಕರ್ ಹೊರಡಿಸುವ ನಾದವನ್ನು 84 ಡೆಸಿಬೆಲ್‌ನ ಚಿಕ್ಕ ಪೆಟ್ಟಿಗೆ ಹೊರಡಿಸಲು ಸುಮಾರು 24 ವಾಟ್ ಬೇಕು. ಟ್ರಾನ್ಸಿಸ್ಟರ್ ಉಳ್ಳವನಿಗೆ ಅದು ಲೆಕ್ಕಕ್ಕೇ ಇಲ್ಲ. 1928-29ರ ಸುಮಾರಿನ 45, 1933ರ 2ಎ3, 1938ರ 300ಬಿ ಎಂಬ ಟ್ರಯೋಡ್ ವಾಲ್ವುಗಳಲ್ಲಿ ಒಂದೊಂದನ್ನೇ ಬಳಸಿದರೆ ಕ್ರಮವಾಗಿ ದೊರೆಯುವುದು ಒಂದೂವರೆ, ಮೂರೂವರೆ ಮತ್ತು ಎಂಟು ವಾಟ್‌ಗಳ ಆಸುಪಾಸು. ಇಂಥ ಆಂಪ್ಲಿಫೈಯರನ್ನು ಪುಸ್ತಕದ ಕಪಾಟಿನ ಸ್ಪೀಕರಿಗೆ ಜೋಡಿಸಿ, ವಾಲ್ವ್ ದುರ್ಬಲವೆಂದು ತೀರ್ಪು ಕೊಡುವುದು ಎತ್ತಿನ ಗಾಡಿಯನ್ನು ರೈಲಿನ ಹಳಿಯ ಮೇಲೆ ನಿಲ್ಲಿಸಿ ಎತ್ತನ್ನು ಬಯ್ದಂತೆ.

ಪೆಟ್ಟಿಗೆಯ ಲೆಕ್ಕವನ್ನು ಊಹೆಯಿಂದ ಬಿಡಿಸಿ ಗಣಿತಕ್ಕೆ ತಂದ ಕೀರ್ತಿ ಮುಖ್ಯವಾಗಿ ಆಸ್ಟ್ರೇಲಿಯಾದ ನೆವಿಲ್ ಥೀಲ್‌ಗೆ ಸಲ್ಲುತ್ತದೆ. ಅವನ ಪ್ರಬಂಧ 1961ರಲ್ಲಿ ಆ ದೇಶದ ಎಂಜಿನಿಯರುಗಳ ಪತ್ರಿಕೆಯೊಂದರಲ್ಲಿ ಅಚ್ಚಾಗಿ, ಹತ್ತು ವರ್ಷ ಕಳೆದು 1971ರಲ್ಲಿ ಅಮೆರಿಕದಲ್ಲಿ ಪುನರ್ಮುದ್ರಣವಾದ ಮೇಲೆಯೇ ಲೋಕಪ್ರಸಿದ್ಧವಾಯಿತು. ವಾರ್ಷಿಕ ಸಂಚಿಕೆಗಳಲ್ಲಿ ಬರೆಯುವ ನಮ್ಮಂಥವರಿಗೆ ಇದು ಕೊಂಚ ಸಮಾಧಾನ ತರುವ ಸಂಗತಿ. ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲ ವರ್ಷಗಳಲ್ಲಿ ಆ ವಿಚಾರವನ್ನು ಪೂರ್ಣಗೊಳಿಸಿದನು. ಇವರ ಪದ್ಧತಿಯಲ್ಲಿ ಘಟಕದ ಗುಣಗಳನ್ನು ಕೆಲವೇ ಸಂಖ್ಯೆಗಳಲ್ಲಿ ಹೇಳಬಹುದು. ಶಂಕುವು ತಾನಾಗಿ ತುಯ್ಯುವ ಆವೃತ್ತಿ ಒಂದು. ಅದರ ಮೆತುತನಕ್ಕೆ ಸಮನಾದ ಗಾಳಿಯ ಪ್ರಮಾಣ ಇನ್ನೊಂದು. ಆ ತೂಗಾಟವನ್ನು ಅಯಸ್ಕಾಂತವು ಎಷ್ಟರಮಟ್ಟಿಗೆ ಹಿಡಿದು ನಿಲ್ಲಿಸುತ್ತದೆಂಬುದನ್ನು ಸೂಚಿಸುವ ತೂಗಾಟದ ಅಂಕ ಮತ್ತೊಂದು. ಈ ಕಡೆಯ ಅಂಕ ಚಿಕ್ಕದಾದಷ್ಟೂ ಹಿಡಿತ ಬಿಗಿ.

ವಾಲ್ವ್ ಆಂಪ್ಲಿಫೈಯರಿನ ಮಟ್ಟಿಗೆ ಈ ಮೂರನೆಯ ಸಂಖ್ಯೆಯೇ ಸಮಸ್ಯೆಯ ಗಂಟು. ಅಯಸ್ಕಾಂತದ ಹಿಡಿತ ನಡೆಯುವುದು ಸುರುಳಿಯಲ್ಲಿ ಹುಟ್ಟುವ ವಿದ್ಯುತ್ತು ಆಂಪ್ಲಿಫೈಯರಿನ ಮೂಲಕ ಸುತ್ತಿ ಬರುವುದರಿಂದ. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ಒಳರೋಧ ಇಲ್ಲವೆಂಬಷ್ಟು ಅಲ್ಪ. ಹಿನ್ನೀಡಿಕೆಯಿಲ್ಲದ ಒಂಟಿ ಟ್ರಯೋಡಿನದು ಎರಡು ಮೂರು ಓಮ್ ಇರುವುದು ಸಾಮಾನ್ಯ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 20 ಸೆಂಟಿಮೀಟರಿನ ಪೂರ್ಣವ್ಯಾಪ್ತಿಯ ಘಟಕ; ಸ್ವಂತ ಆವೃತ್ತಿ 45 ಹರ್ಟ್ಸ್, ಸಮಾನ ಗಾಳಿ 60 ಲೀಟರ್, ಸುರುಳಿಯ ರೋಧ 6 ಓಮ್, ವಿದ್ಯುತ್ತಿನ ಅಂಕ 0.40, ಯಾಂತ್ರಿಕ ಅಂಕ 4. ದಕ್ಷತೆ ಲೆಕ್ಕ ಹಾಕಿದರೆ 93 ಡೆಸಿಬೆಲ್‌ನ ಮೇಲಕ್ಕೆ ಬರುತ್ತದೆ. ಟ್ರಾನ್ಸಿಸ್ಟರಿನೊಡನೆ ಎರಡೂ ಕೂಡಿದ ಅಂಕ 0.36; ಇದಕ್ಕೆ 49 ಲೀಟರಿನ, 47 ಹರ್ಟ್ಸ್‌ಗೆ ಹೊಂದಿಸಿದ ನಳಿಗೆಯ ಪೆಟ್ಟಿಗೆ ಸಾಕು. 3 ಓಮ್ ಒಳರೋಧದ ವಾಲ್ವ್ ಆಂಪ್ಲಿಫೈಯರನ್ನು ಜೋಡಿಸಿದೊಡನೆ ವಿದ್ಯುತ್ತಿನ ಅಂಕ ಒಂದೂವರೆಯಷ್ಟಾಗಿ 0.60ಕ್ಕೂ, ಕೂಡಿದ ಅಂಕ 0.52ಕ್ಕೂ ಏರುತ್ತವೆ. ಈಗ ಅದೇ ಘಟಕ ಕೇಳುವುದು 138 ಲೀಟರಿನ, 34 ಹರ್ಟ್ಸ್‌ಗೆ ಹೊಂದಿಸಿದ ಪೆಟ್ಟಿಗೆಯನ್ನು! ಘಟಕದಲ್ಲಿ ಒಂದು ತಿರುಪನ್ನೂ ಬದಲಿಸಿಲ್ಲ; ಆಂಪ್ಲಿಫೈಯರ್ ಬದಲಾದದ್ದರಿಂದಲೇ ಪೆಟ್ಟಿಗೆ ಸುಮಾರು ಮೂರರಷ್ಟಾಯಿತು.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಟ್ರಾನ್ಸಿಸ್ಟರಿಗೆಂದು ಬರೆದ ನಕ್ಷೆಯನ್ನು ನಂಬಿ ಎರಡು ಪೆಟ್ಟಿಗೆಗಳನ್ನು ಬಡಗಿಯಿಂದ ಮಾಡಿಸಿ, 300ಬಿ ಆಂಪ್ಲಿಫೈಯರಿಗೆ ಜೋಡಿಸಿದಾಗ ಮೃದಂಗದ ಎಡತೊಪ್ಪಿಯ ಪ್ರತಿಯೊಂದು ಪೆಟ್ಟೂ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ಕೆಲವು ವಾರಗಳ ಕಾಲ ವಾಲ್ವಿನ ನಾದವೇ ಹೀಗೆಂದು ಸಮಾಧಾನಪಟ್ಟುಕೊಂಡಿದ್ದೆ. ನಳಿಗೆಗೆ ಉಣ್ಣೆಯನ್ನು ತುರುಕಿ ಬಾಯಿ ಮುಚ್ಚಿದ ದಿನ ಆ ಗುಂಯ್‌ಕಾರ ಅಡಗಿತು. ಲೆಕ್ಕ ಹಾಕಿ ನೋಡಿದರೆ, ಮೇಲಿನ ಘಟಕಕ್ಕೆ 44 ಲೀಟರಿನ ಮುಚ್ಚಿದ ಪೆಟ್ಟಿಗೆ 69 ಹರ್ಟ್ಸ್‌ನವರೆಗೆ ಒಳ್ಳೆಯ ನಡತೆಯನ್ನು ತೋರಬೇಕು. ಮಂದ್ರವು ಅಷ್ಟಕ್ಕೇ ನಿಲ್ಲುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಇನ್ನೂ ಉತ್ತಮವಾದ ಮಾರ್ಗವೆಂದರೆ ಹೆಚ್ಚು ಬಲವಾದ ಅಯಸ್ಕಾಂತದ ಘಟಕವನ್ನೇ ಆರಿಸುವುದು. ವಿದ್ಯುತ್ತಿನ ಅಂಕ 0.25 ಆಗಿದ್ದರೆ ವಾಲ್ವಿನೊಡನೆ ಅದು 0.375 ಆಗುತ್ತದೆ, ಕೂಡಿದ ಅಂಕ 0.34ರಲ್ಲಿ ನಿಲ್ಲುತ್ತದೆ, ದಕ್ಷತೆಯೂ 95 ಡೆಸಿಬೆಲ್‌ಗೆ ಏರುತ್ತದೆ. ವಾಯ್ಟ್ ಮತ್ತು ಲೌಥರ್ ಘಟಕಗಳ ಅಯಸ್ಕಾಂತಗಳು ಅಷ್ಟು ಭಾರಿಯಾಗಿದ್ದುದು ಆಡಂಬರಕ್ಕಲ್ಲ. ಇಂಥದಕ್ಕೆ 42 ಲೀಟರ್ ಸಾಕು: ಒಳ ಅಗಲ 38, ಆಳ 22, ಎತ್ತರ 50 ಸೆಂಟಿಮೀಟರ್, 10 ಸೆಂಟಿಮೀಟರ್ ವ್ಯಾಸದ ನಳಿಗೆ ಸುಮಾರು ಹದಿನೈದೂವರೆ ಸೆಂಟಿಮೀಟರ್ ಉದ್ದವಿದ್ದರೆ ಪೆಟ್ಟಿಗೆ 50 ಹರ್ಟ್ಸ್‌ನಲ್ಲಿ ಮೊಳಗುತ್ತದೆ. ನಾದವು ಅಲ್ಲಿಗೆ ಸರಿಸುಮಾರಾಗಿ ಮುಗಿಯುತ್ತದೆ. ಕಬ್ಬಿಣದ ನಿಯಮಕ್ಕೆ ಇಲ್ಲಿಯೂ ವಿನಾಯಿತಿಯಿಲ್ಲ.

ಈ ಅಳತೆಗಳಲ್ಲಿ ಅಗಲವನ್ನು ಹೆಚ್ಚಿಸಿ ಆಳವನ್ನು ಕುಗ್ಗಿಸಿರುವುದು ಬೇಕೆಂದೇ. ಅಲೆಯುದ್ದವು ಮುಂಬಲಗೆಗಿಂತ ಬಹಳ ದೊಡ್ಡದಾದಾಗ ನಾದವು ಹಿಂದಕ್ಕೂ ಹರಡಿ, ಮುಂದೆ ಕುಳಿತವನಿಗೆ 6 ಡೆಸಿಬೆಲ್‌ನವರೆಗೆ ನಷ್ಟವಾಗುತ್ತದೆ. 20 ಸೆಂಟಿಮೀಟರ್ ಅಗಲದ ಈಗಿನ ಕಿರಿದಾದ ಪೆಟ್ಟಿಗೆಗಳಲ್ಲಿ ಈ ನಷ್ಟದ ನಡುದಾರಿ 575 ಹರ್ಟ್ಸ್‌ನ ಸುತ್ತ, ಎಂದರೆ ಗಾಯಕನ ಕಂಠದ ನಡುವೆಯೇ, ಬೀಳುತ್ತದೆ. ತಂತಿಯ ಸುರುಳಿಯನ್ನೂ ರೋಧಕವನ್ನೂ ಸೇರಿಸಿ ಮೇಲಿನ ಸ್ವರಗಳನ್ನು ತಗ್ಗಿಸಿ ಸರಿದೂಗಿಸುವುದು ವಾಡಿಕೆ. ಆದರೆ ಅದು ಇದ್ದ ಮೂರು ವಾಟ್‌ಗಳಲ್ಲೂ ತೆರಿಗೆ ಎತ್ತಿದಂತೆ. 42 ಸೆಂಟಿಮೀಟರಿನ ಹೊರ ಅಗಲವಿದ್ದರೆ ಆ ಬಿಂದು 280 ಹರ್ಟ್ಸ್‌ಗಿಂತ ಕೆಳಗೆ ಇಳಿಯುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ಸಮೀಪವಾಗಿಟ್ಟರೆ ಉಳಿದ ಕೊರತೆಯ ಬಹುಭಾಗವನ್ನು ಗೋಡೆಯೇ ಹಿಂತಿರುಗಿಸುತ್ತದೆ. ಹಳೆಯ ಪೆಟ್ಟಿಗೆಗಳು ಎದೆಯಗಲವಾಗಿದ್ದುದಕ್ಕೆ ಕಾರಣ ಅಭಿರುಚಿಯಷ್ಟೇ ಅಲ್ಲ. ಹಲಗೆಗೆ 18 ಮಿಲಿಮೀಟರಿನ ಪ್ಲೈವುಡ್ ಆಗಬಹುದು. ಎದುರುಬದುರು ಗೋಡೆಗಳ ನಡುವೆ ಒಂದು ಅಡ್ಡಪಟ್ಟಿಯನ್ನು ಮಧ್ಯಕ್ಕೆ ಬಾರದಂತೆ ಕೊಟ್ಟು, ಶಂಕುವಿನ ಹಿಂದಿನ ಗೋಡೆಗೆ ಮಾತ್ರ ಉಣ್ಣೆಯ ಹೊದಿಕೆಯನ್ನು ಹಚ್ಚಿದರೆ ಸಾಕು. ಆಂಪ್ಲಿಫೈಯರಿನಲ್ಲಿ 4 ಮತ್ತು 8 ಓಮ್‌ಗಳ ಎರಡು ತುದಿಗಳಿದ್ದರೆ 8 ಓಮ್‌ನ ಸ್ಪೀಕರನ್ನು 4ರ ತುದಿಗೆ ಜೋಡಿಸಿ ಕೇಳಿ ನೋಡುವುದು ಒಳಿತು. ಶಕ್ತಿ ಕೊಂಚ ಕುಗ್ಗುತ್ತದೆ, ಆದರೆ ಒಳರೋಧ ಅರ್ಧವಾಗಿ ಹಿಡಿತ ಬಿಗಿಯಾಗುತ್ತದೆ.

ಘಟಕದ ಹಿಂಬದಿಗೆ ಮಡಿಸಿದ ಕಹಳೆಯನ್ನು ಜೋಡಿಸುವ ಮಾರ್ಗವನ್ನು ಅನೇಕರು ಇದಕ್ಕಿಂತ ಶ್ರೇಷ್ಠವೆಂದು ಎಣಿಸುತ್ತಾರೆ. ದಕ್ಷತೆಯಲ್ಲಿ ಅದು ಶ್ರೇಷ್ಠವೆಂಬುದನ್ನು ಒಪ್ಪತಕ್ಕದ್ದೇ. ಆದರೆ ಎರಡು ಮೂರು ಮೀಟರ್ ಸುತ್ತಿ ಬರುವ ಮಂದ್ರವು ಮುಂಬದಿಯ ನಾದಕ್ಕಿಂತ ಹಿಂದೆ ಬೀಳುತ್ತದೆ, ಮನೆಗೆ ಹಿಡಿಸುವ ಬಾಯಿ ನಿಯಮಕ್ಕಿಂತ ಸದಾ ಚಿಕ್ಕದಾಗಿರುವುದರಿಂದ ಕೆಲವು ಸ್ವರಗಳು ಉಬ್ಬಿ ಕೆಲವು ತಗ್ಗುತ್ತವೆ. ಮೊದಲ ಸಲ ಪೆಟ್ಟಿಗೆ ಮಾಡುವವನಿಗೆ ನಾನು ಅದನ್ನು ಹೇಳಲಾರೆ.

ನಮ್ಮ ನಾಡಿನಲ್ಲಿ ಈ ವಿಷಯಕ್ಕೆ ಸಾಕ್ಷ್ಯಗಳು ಇಲ್ಲದೇ ಇಲ್ಲ. 1960ರ ದಶಕದಲ್ಲಿ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದುವು. ಆ ಕಾಲದ ಮನೆಗಳ ವಾಲ್ವ್ ರೇಡಿಯೋ ಒಂದೇ ಪೂರ್ಣವ್ಯಾಪ್ತಿಯ ಸ್ಪೀಕರ್, ಕೆಲವೇ ವಾಟ್‌ಗಳ ವಾಲ್ವು, ಅಗಲವಾದ ಮುಂಬಲಗೆ, ತೆರೆದ ಹಿಂಬದಿಗಳಿಂದ ಕೂಡಿದ್ದು ಮೇಲೆ ವಿವರಿಸಿದ ವಿನಿಮಯದ ಅಚ್ಚುಕಟ್ಟಾದ ಮಾದರಿ. ಅಂಥವು ಅಟ್ಟಗಳಿಂದ ಇಳಿದು ಬಂದಾಗ ಆಗುವುದೇನೆಂದರೆ, ವಾಲ್ವುಗಳನ್ನೂ ಸ್ಪೀಕರನ್ನೂ ಬಿಚ್ಚಿ ಮಾರಿ, ಗೆದ್ದಲು ಹಿಡಿದ ಪೆಟ್ಟಿಗೆಯನ್ನು ಒಲೆಗೆ ಹಾಕುವುದು. ಹಳೆಯ ಚಿತ್ರಮಂದಿರವನ್ನು ಕೆಡಹುವಾಗ ಪರದೆಯ ಹಿಂದಿನ ಮರದ ಕಹಳೆಗೂ ಇದೇ ಗತಿ. ಪೆಟ್ಟಿಗೆಯಿಲ್ಲದ ಘಟಕದಿಂದ ಆ ಕಾಲದ ಕಿವಿ ಏನನ್ನು ಕೇಳಿತೆಂಬುದನ್ನು ಪುನಃ ಕಟ್ಟಲು ಬರುವುದಿಲ್ಲ. ಶಾಸನದ ಕಲ್ಲನ್ನು ಕರಗಿಸಿ ಅಕ್ಷರಗಳನ್ನು ಉಳಿಸಿಕೊಳ್ಳಲು ಆಗದಂತೆಯೇ. ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಇಂಥ ವಸ್ತುವನ್ನು ಕಂಡಾಗ, ಬಿಚ್ಚುವುದಕ್ಕೆ ಮೊದಲೇ, ಪೆಟ್ಟಿಗೆಯ ಒಳ ಅಳತೆಗಳು, ಹಲಗೆಯ ದಪ್ಪ, ಹಿಂಬದಿಯ ರಂಧ್ರಗಳ ವಿಸ್ತಾರ, ನಳಿಗೆಯಿದ್ದರೆ ಅದರ ವ್ಯಾಸ ಮತ್ತು ಉದ್ದ, ಕೊನೆಯ ವಾಲ್ವಿನ ಮೇಲಿನ ಗುರುತು, ಕೋಣೆಯಲ್ಲಿ ಅದನ್ನು ಇಟ್ಟಿದ್ದ ಸ್ಥಳ ಇಷ್ಟನ್ನು ಬರೆದುಕೊಂಡು ಬರಬೇಕೆಂದು ಕೇಳಿಕೊಳ್ಳುತ್ತೇನೆ. ಒಂದು ಟೇಪಿನಿಂದ ಅರ್ಧ ಗಂಟೆಯಲ್ಲಿ ಆಗುವ ಕೆಲಸವಿದು.